ಬಾಗಿಲು ತೆರೆಸಿದ ಧೀಮಂತ: ಎಡ್ ರಾಬರ್ಟ್ಸ್

ಲಾಸ್ ಗ್ಯಾಟೋಸಿನ ನಾರ್ತ್ ಸಾಂತಾ ಕ್ರೂಜ್ ಅವೆನ್ಯೂದಲ್ಲಿ ಸಂಜೆಯ ಹೊತ್ತು ಅಡ್ಡಾಡಲು ಹೊರಡುವ ನಮ್ಮ ಕನ್ನಡ ಕುಟುಂಬಗಳನ್ನು ನೋಡಿ. ಮುಂದೆ ಸ್ಟ್ರೋಲರಿನಲ್ಲಿ ಮಗು, ಹಿಂದೆ ಮೈಸೂರಿನಿಂದಲೋ ಶಿವಮೊಗ್ಗದಿಂದಲೋ ಆರು ತಿಂಗಳಿಗೆಂದು ಬಂದಿರುವ ಅಜ್ಜಿ. ಮಂಡಿನೋವಿದ್ದರೂ ಅಜ್ಜಿಗೆ ರಸ್ತೆ ದಾಟುವುದು ಕಷ್ಟವಲ್ಲ. ಮೂಲೆಯಲ್ಲಿ ಫುಟ್‌ಪಾತು ಇಳಿಜಾರಾಗಿ ರಸ್ತೆಗೆ ಸೇರಿಕೊಳ್ಳುತ್ತದೆ. ಈ ಇಳಿಜಾರು ಅಮೆರಿಕದಲ್ಲಿ ಮೊದಲಿನಿಂದಲೂ ಇದ್ದದ್ದೆಂದು ನಾವು ಭಾವಿಸಿದ್ದೇವೆ. ಹಾಗಲ್ಲ. ಇಂಥವನ್ನು ಕೇಳಿ, ಹೋರಾಡಿ ಪಡೆದವರಿದ್ದಾರೆ. ಅವರ ಮುಂಚೂಣಿಯಲ್ಲಿದ್ದವರು ನಮ್ಮ ಬೇ ಏರಿಯಾದವರೇ ಆದ ಎಡ್ ರಾಬರ್ಟ್ಸ್. ಕತ್ತಿನಿಂದ ಕೆಳಗೆ ಹೆಚ್ಚುಕಡಿಮೆ ಯಾವ ಅಂಗವನ್ನೂ ಆಡಿಸಲಾಗದ ಈ ಮನುಷ್ಯ ಒಂದು ದೇಶದ ಬಾಗಿಲುಗಳನ್ನು ತೆರೆಸಿದ ಕಥೆಯನ್ನು ಈ ಸ್ಮರಣ ಸಂಚಿಕೆಯ ಮೂಲಕ ವಾಚಕರ ಮುಂದಿಡಲು ಬಯಸುತ್ತೇವೆ.

ಎಡ್ ರಾಬರ್ಟ್ಸ್ 1939ರ ಜನವರಿ 23ರಂದು ಜನಿಸಿದರು. ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಬರ್ಲಿಂಗೇಮಿನಲ್ಲಿ. 1953ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ, ಅವರಿಗೆ ಪೋಲಿಯೊ ತಗುಲಿತು. ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಸುಮಾರು 58,000 ಜನ ಈ ರೋಗಕ್ಕೆ ತುತ್ತಾಗಿದ್ದರು. ಜೋನಾಸ್ ಸಾಕ್ ಅವರ ಲಸಿಕೆ ಫಲಕಾರಿಯೆಂದು ಘೋಷಣೆಯಾದದ್ದು 1955ರ ಏಪ್ರಿಲಿನಲ್ಲಿ. ಎರಡು ವರ್ಷದ ಅಂತರದಲ್ಲಿ ಈ ಹುಡುಗ ಲಸಿಕೆಯನ್ನು ತಪ್ಪಿಸಿಕೊಂಡಿದ್ದ.

ಪೋಲಿಯೊ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸೊರಗಿದ ಕಾಲು. ಆದರೆ ರೋಗದ ಮೂಲ ಕಾಲಿನಲ್ಲಿಲ್ಲ, ಬೆನ್ನುಹುರಿಯಲ್ಲಿದೆ. ಪೋಲಿಯೊಮೈಲೈಟಿಸ್ ಎಂಬ ಪೂರ್ಣ ಹೆಸರಿಗೆ ಗ್ರೀಕ್ ಮೂಲದಲ್ಲಿ ಬೆನ್ನುಹುರಿಯ ಬೂದು ಭಾಗದ ಉರಿಯೂತವೆಂದೇ ಅರ್ಥ. ವೈರಸ್ಸು ಬಾಯಿಯ ಮೂಲಕ ಒಳಹೊಕ್ಕು ಕರುಳಿನಲ್ಲಿ ಬೆಳೆಯುತ್ತದೆ. ಬಹುಪಾಲು ಜನರಲ್ಲಿ ಅದು ಬೆನ್ನುಹುರಿಯನ್ನು ಮುಟ್ಟುವುದಿಲ್ಲ. ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಅದು ಅಲ್ಲಿಗೆ ಏರಿ, ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳನ್ನು ನಾಶಮಾಡುತ್ತದೆ. ಆಜ್ಞೆಯಿಲ್ಲದ ಸ್ನಾಯು ಸೊರಗುತ್ತದೆ. ಆದರೆ ಸ್ಪರ್ಶವನ್ನೂ ನೋವನ್ನೂ ತಿಳಿಸುವ ನರಗಳು ಉಳಿದುಕೊಳ್ಳುತ್ತವೆ. ಕೈ ಮೇಲೆ ಸೊಳ್ಳೆ ಕೂತದ್ದು ತಿಳಿಯುತ್ತದೆ, ಓಡಿಸಲು ಕೈ ಏಳದು. ಉಸಿರಾಟದ ಸ್ನಾಯುಗಳೂ ಸೋತರೆ ಪ್ರಾಣಕ್ಕೇ ಸಂಚಕಾರ.

ರಾಬರ್ಟ್ಸ್ ಅವರಿಗೆ ಆದದ್ದು ಇದೇ. ಆಸ್ಪತ್ರೆಗಳಲ್ಲಿ ಹದಿನೆಂಟು ತಿಂಗಳು ಕಳೆದು ಮನೆಗೆ ಮರಳಿದಾಗ ಒಂದು ಕೈಯ ಎರಡು ಬೆರಳು, ಕಾಲಿನ ಕೆಲವು ಬೆರಳು, ಇಷ್ಟೇ ಅವರ ಹಿಡಿತದಲ್ಲಿದ್ದವು. ರಾತ್ರಿ ಮಲಗಬೇಕಾದರೆ ಐರನ್ ಲಂಗ್ ಎಂಬ, ತಲೆಯೊಂದನ್ನು ಬಿಟ್ಟು ಉಳಿದ ದೇಹವನ್ನು ಒಳಗಿಟ್ಟು ಉಸಿರಾಡಿಸುವ ಉಕ್ಕಿನ ಪೆಟ್ಟಿಗೆ ಬೇಕಿತ್ತು. ಹಗಲಲ್ಲಿ ಕೆಲ ಗಂಟೆ ಹೊರಗಿರಲು ಕಪ್ಪೆಯಂತೆ ಬಾಯಿಂದ ಗಾಳಿಯನ್ನು ನುಂಗಿ ಶ್ವಾಸಕೋಶಕ್ಕೆ ತಳ್ಳುವ ವಿದ್ಯೆಯನ್ನು ಕಲಿತರು. ಬದುಕೇ ಬೇಡವೆಂದು ಒಂದು ಹಂತದಲ್ಲಿ ಊಟವನ್ನೂ ಬಿಟ್ಟಿದ್ದರು. ಬದುಕಬೇಕೆಂಬ ತೀರ್ಮಾನವನ್ನು ಮಾಡಿದವರೂ ಅವರೇ. ಜಡವಾಗಿ ಬಿದ್ದವರನ್ನು ಈ ದೇಶದ ಮಾತಿನಲ್ಲಿ ತರಕಾರಿ ಎನ್ನುವುದುಂಟು. ವೈದ್ಯರೊಬ್ಬರು ತಮ್ಮ ಬಗ್ಗೆ ಹಾಗೆ ಅಂದದ್ದನ್ನು ನೆನೆದು ಅವರು ಮುಂದೆ ನಗುತ್ತಿದ್ದರು. ತರಕಾರಿ ಆಗಲೇಬೇಕಾದರೆ ಹೊರಗೆ ಮುಳ್ಳು, ಒಳಗೆ ತಿರುಳು ಇರುವ ಆರ್ಟಿಚೋಕ್ ಆಗುತ್ತೇನೆಂಬುದು ಅವರ ತಮಾಷೆ. ನಮ್ಮ ಹಲಸಿನ ಹಣ್ಣಿನ ಜಾತಿ ಎನ್ನೋಣ.

ಈ ಕಥೆಯಲ್ಲಿ ತಾಯಿ ಜೋನಾ ರಾಬರ್ಟ್ಸ್ ಅವರ ಪಾತ್ರ ದೊಡ್ಡದು. ಮಗ ಮನೆಯಲ್ಲೇ ಮಲಗಿ ಟೆಲಿಫೋನಿನ ಮೂಲಕ ಪಾಠ ಕೇಳುತ್ತಿದ್ದ. ಹೊರಗೆ ಹೋದರೆ ಜನ ದಿಟ್ಟಿಸಿ ನೋಡುತ್ತಾರೆಂಬ ಅಳುಕು ಅವನಿಗೆ. ತಾಯಿ ಬಿಡಲಿಲ್ಲ, ವಾರಕ್ಕೊಮ್ಮೆಯಾದರೂ ಶಾಲೆಗೆ ಹೋಗಲೇಬೇಕೆಂದರು. ಹೋದ. ಎಲ್ಲರೂ ನೋಡಿದರು. ನೋಡಿದ್ದರಿಂದ ತನಗೇನೂ ಆಗಲಿಲ್ಲವೆಂಬುದು ಅವನಿಗೆ ಮನವರಿಕೆಯಾಯಿತು. ಓದು ಮುಗಿದಾಗ ವ್ಯಾಯಾಮ ಮತ್ತು ಕಾರು ಓಡಿಸುವ ತರಗತಿಗಳು ಪೂರ್ತಿಯಾಗಿಲ್ಲವೆಂದು ಶಾಲೆಯವರು ಡಿಪ್ಲೊಮಾ ಕೊಡಲೊಪ್ಪಲಿಲ್ಲ! ತಾಯಿ ಮಗ ಸೇರಿ ಮೇಲಿನವರವರೆಗೆ ದೂರು ಒಯ್ದು ಅದನ್ನು ಪಡೆದರು. ಅವರ ಮೊದಲ ಹೋರಾಟ ಅದು.

ಕಾಲೇಜ್ ಆಫ್ ಸ್ಯಾನ್ ಮಟೇಯೊದಲ್ಲಿ ಓದಿ, 1962ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ ಸೇರಲು ಹೊರಟರು. ಇಂಥವರಿಗೆ ಎಂದೂ ಉದ್ಯೋಗ ಸಿಗಲಾರದೆಂದು ರಾಜ್ಯದ ಪುನರ್ವಸತಿ ಇಲಾಖೆ ನೆರವು ನಿರಾಕರಿಸಿತು. ವಿಷಯ ಪತ್ರಿಕೆಗಳಿಗೆ ಬಂದ ಮೇಲೆ ಮಣಿಯಿತು. ವಿಶ್ವವಿದ್ಯಾನಿಲಯವೂ ಮೊದಲು ಹಿಂಜರಿಯಿತು. ಐರನ್ ಲಂಗಿನ ಭಾರವನ್ನು ತಾಳುವ ವಿದ್ಯಾರ್ಥಿನಿಲಯವಿರಲಿಲ್ಲ. ಕೊನೆಗೆ ಕ್ಯಾಂಪಸ್ಸಿನ ಕೊವೆಲ್ ಆಸ್ಪತ್ರೆಯಲ್ಲಿ ಕೋಣೆ ಸಿಕ್ಕಿತು. ಅಲ್ಲಿ ತಾವು ರೋಗಿಯಲ್ಲ, ವಿದ್ಯಾರ್ಥಿ ಎಂಬ ಪಟ್ಟು ಅವರದು. ಒಬ್ಬರ ಹಿಂದೆ ಒಬ್ಬರಂತೆ ಇನ್ನಷ್ಟು ಅಂಗವಿಕಲ ವಿದ್ಯಾರ್ಥಿಗಳು ಬಂದು ಸೇರಿದರು. ಆಸ್ಪತ್ರೆಯ ಆ ಅಂತಸ್ತೇ ಒಂದು ಚಳವಳಿಯ ತೊಟ್ಟಿಲಾಯಿತೆಂದರೆ ಅತಿಶಯೋಕ್ತಿಯಲ್ಲ. ರಾಬರ್ಟ್ಸ್ 1964ರಲ್ಲಿ ಬಿ.ಎ., 1966ರಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿದರು.

ಸ್ವಾತಂತ್ರ್ಯವೆಂದರೆ ಎಲ್ಲವನ್ನೂ ತನ್ನ ಕೈಯಾರೆ ಮಾಡಿಕೊಳ್ಳುವುದಲ್ಲ, ತನ್ನ ಬದುಕಿನ ತೀರ್ಮಾನಗಳನ್ನು ತಾನೇ ಮಾಡುವುದು: ಇದು ಈ ಗೆಳೆಯರು ಕಂಡುಕೊಂಡ ತತ್ತ್ವ. ಅಂಗಿ ತೊಡಿಸಲು ಇನ್ನೊಬ್ಬರ ಕೈ ಬೇಕಾಗಬಹುದು. ಯಾವ ಅಂಗಿ ಎಂಬುದನ್ನು ತೊಡುವವರು ಹೇಳಬೇಕು. ಈ ತಳಹದಿಯ ಮೇಲೆ 1972ರಲ್ಲಿ ಬರ್ಕ್ಲಿಯಲ್ಲಿ ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್ ಆರಂಭವಾಯಿತು. ಅಂಗವಿಕಲರೇ ನಡೆಸುವ ಈ ಕೇಂದ್ರ ಸಹಾಯಕರನ್ನು ಹುಡುಕಿಕೊಡುವುದು, ಮನೆ ಹುಡುಕಿಕೊಡುವುದು, ಗಾಲಿಕುರ್ಚಿ ರಿಪೇರಿ ಮುಂತಾದ ಕೆಲಸಗಳನ್ನು ಕೈಗೆತ್ತಿಕೊಂಡಿತು. ಫುಟ್‌ಪಾತುಗಳ ಮೂಲೆಯನ್ನು ಇಳಿಜಾರು ಮಾಡಿಸುವ ಬೇಡಿಕೆಯೂ ಬರ್ಕ್ಲಿಯಲ್ಲಿ ಆ ದಿನಗಳಲ್ಲೇ ಬಲಗೊಂಡದ್ದು.

1975ರಲ್ಲಿ ವಿಧಿಯ ವಿನೋದವೊಂದು ನಡೆಯಿತು. ಗವರ್ನರ್ ಜೆರ್ರಿ ಬ್ರೌನ್ ರಾಬರ್ಟ್ಸ್ ಅವರನ್ನು ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಯ ನಿರ್ದೇಶಕರನ್ನಾಗಿ ನೇಮಿಸಿದರು. ಅವರಿಗೆ ಉದ್ಯೋಗವೇ ಅಸಾಧ್ಯವೆಂದು ಷರಾ ಬರೆದಿದ್ದ ಇಲಾಖೆಯೇ ಅದು! 1977ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಕಟ್ಟಡದಲ್ಲಿ ಅಂಗವಿಕಲರು ಮೂರು ವಾರಗಳಿಗೂ ಮೀರಿ ಧರಣಿ ಕುಳಿತಾಗ, ಸರ್ಕಾರಿ ಹುದ್ದೆಯಲ್ಲಿದ್ದೂ ಅವರ ಬೆಂಬಲಕ್ಕೆ ನಿಂತರು. 1983ರಲ್ಲಿ ಜೂಡಿ ಹ್ಯೂಮನ್ ಮತ್ತು ಜೋನ್ ಲಿಯಾನ್ ಅವರೊಡಗೂಡಿ ವರ್ಲ್ಡ್ ಇನ್‌ಸ್ಟಿಟ್ಯೂಟ್ ಆನ್ ಡಿಸಬಿಲಿಟಿ ಸಂಸ್ಥೆಯನ್ನು ಸ್ಥಾಪಿಸಿದರು. 1984ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್ ಅವರನ್ನು ಅರಸಿ ಬಂತು. ಅಂಗವಿಕಲರ ಹಕ್ಕುಗಳ ರಾಷ್ಟ್ರೀಯ ಕಾಯಿದೆ 1990ರಲ್ಲಿ ಜಾರಿಗೆ ಬಂದುದನ್ನು ಕಣ್ಣಾರೆ ಕಂಡು, 1995ರ ಮಾರ್ಚ್ 14ರಂದು, 56ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ನಿಧನರಾದರು. ಅವರ ಗಾಲಿಕುರ್ಚಿ ಇಂದು ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಬರ್ಕ್ಲಿಯ ಆ್ಯಶ್‌ಬಿ ಬಾರ್ಟ್ ನಿಲ್ದಾಣದ ಬಳಿ 2010ರಲ್ಲಿ ತೆರೆದ ಎಡ್ ರಾಬರ್ಟ್ಸ್ ಕ್ಯಾಂಪಸ್ಸಿನಲ್ಲಿ ಮೇಲಂತಸ್ತಿಗೆ ಸುತ್ತಿ ಏರುವ ಕೆಂಪು ಇಳಿಜಾರು ದಾರಿಯನ್ನು ವಾಚಕರು ಮಕ್ಕಳೊಡನೆ ಒಮ್ಮೆ ಹತ್ತಿಳಿದು ಬರಬೇಕು.

ನಮ್ಮ ತಾಯ್ನಾಡಿಗೂ ಪೋಲಿಯೊ ಹೊಸತಲ್ಲ. ಊರಿನಲ್ಲಿ ನಮ್ಮ ಜೊತೆ ಓದಿದವರಲ್ಲಿ ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು ಬರುತ್ತಿದ್ದ ಗೆಳೆಯರು ಹಲವರಿಗೆ ನೆನಪಿರಬಹುದು. 1995ರಿಂದ ದೇಶಾದ್ಯಂತ ನಡೆದ ಪಲ್ಸ್ ಪೋಲಿಯೊ ಆಂದೋಲನದ ಫಲವಾಗಿ, 2011ರ ಜನವರಿಯ ಪ್ರಕರಣವೇ ಅಲ್ಲಿ ಕಾಡು ವೈರಸ್ಸಿನ ಕೊನೆಯದಾಯಿತು. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತವೆಂಬ ಮಾನ್ಯತೆ ದೊರೆಯಿತು. ಲಸಿಕೆ ರೋಗವನ್ನು ತಡೆಯಬಲ್ಲದು. ಆದರೆ ಮೆಟ್ಟಿಲನ್ನು ಇಳಿಜಾರು ಮಾಡುವ ಲಸಿಕೆಯಿಲ್ಲ. ಆ ಕೆಲಸ ಮನುಷ್ಯರದೇ.

ಕೂಟದ ಹುಟ್ಟುಹಬ್ಬದ ಈ ಹೊತ್ತಿನಲ್ಲಿ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಯುಗಾದಿಗೂ ರಾಜ್ಯೋತ್ಸವಕ್ಕೂ ಸಭಾಂಗಣ ಗೊತ್ತುಮಾಡುವಾಗ ಊಟದ ವ್ಯವಸ್ಥೆ, ಪಾರ್ಕಿಂಗು, ಧ್ವನಿವರ್ಧಕ ಎಲ್ಲವನ್ನೂ ವಿಚಾರಿಸುತ್ತೇವೆ. ವೇದಿಕೆಗೆ ಗಾಲಿಕುರ್ಚಿ ಏರುವ ದಾರಿಯುಂಟೇ ಎಂದು ವಿಚಾರಿಸುತ್ತೇವೆಯೇ? ನಡೆಯಲಾಗದ ಹಿರಿಯರನ್ನೂ ವಿಶೇಷ ಅಗತ್ಯಗಳಿರುವ ಮಕ್ಕಳನ್ನೂ ಅವರಿಗೆ ತೊಂದರೆಯಾದೀತೆಂಬ ಪ್ರೀತಿಯಿಂದಲೇ ಮನೆಯಲ್ಲಿ ಬಿಟ್ಟು ಬರುತ್ತೇವೆ. ಬರಲು ಇಷ್ಟವೇ ಎಂದು ಅವರನ್ನು ಕೇಳಿದ್ದೇವೆಯೇ? ಜೋನಾ ರಾಬರ್ಟ್ಸ್ ಅಂದು ಮಗನನ್ನು ಮನೆಯಲ್ಲೇ ಬಿಟ್ಟಿದ್ದರೆ ಇಂದು ನಮ್ಮ ಅಜ್ಜಿಯಂದಿರ ದಾರಿ ಇಷ್ಟು ಸುಗಮವಾಗುತ್ತಿತ್ತೋ ಇಲ್ಲವೋ. ಮುಂದಿನ ವರ್ಷದ ಹಬ್ಬಕ್ಕೆ ನಮ್ಮಲ್ಲಿ ಯಾರೂ ಬಾಗಿಲಿನ ಹೊರಗೆ ಉಳಿಯದಿರಲಿ ಎಂಬುದೇ ನಮ್ಮ ಹಾರೈಕೆ.