ಸಾಕ್ಷ್ಯ ಮತ್ತು ಸೌಂದರ್ಯದ ನಡುವೆ: ಎಂ. ಕೃಷ್ಣನ್ ಅವರ ಬದುಕು ಮತ್ತು ಕ್ಯಾಮೆರಾ

ವನ್ಯಜೀವಿ ಛಾಯಾಚಿತ್ರವನ್ನು ಕಲೆಯೆಂದು ನೋಡಬೇಕೋ, ವಿಜ್ಞಾನದ ಸಾಕ್ಷ್ಯವೆಂದು ನೋಡಬೇಕೋ ಎಂಬ ಪ್ರಶ್ನೆ ಛಾಯಾಚಿತ್ರ ಸ್ಪರ್ಧೆಗಳ ತೀರ್ಪುಗಾರರಿಗೆ ಮಾತ್ರ ಸೇರಿದ್ದಲ್ಲ. ಪ್ರಕೃತಿ ಬರಹವನ್ನು ಸಾಹಿತ್ಯವೆಂದು ಓದಬೇಕೋ ಮಾಹಿತಿಯೆಂದು ಓದಬೇಕೋ ಎಂದು ಪೂರ್ಣಚಂದ್ರ ತೇಜಸ್ವಿಯವರನ್ನು ಮುಂದಿಟ್ಟುಕೊಂಡು ಕನ್ನಡದಲ್ಲಿ ನಾವು ಎತ್ತುವ ಪ್ರಶ್ನೆಯ ಇನ್ನೊಂದು ಮುಖವೇ ಅದು. ಕ್ಯಾಮೆರಾ ಮತ್ತು ಲೇಖನಿ ಎರಡನ್ನೂ ಹಿಡಿದವರಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ತಮ್ಮ ಬಾಳಿನ ಏಳು ವರ್ಷಗಳನ್ನು ಕನ್ನಡ ನೆಲದ ಸಂಡೂರಿನಲ್ಲಿ ಕಳೆದ ಎಂ. ಕೃಷ್ಣನ್ (1912–1996) ಅವರ ಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೃಷ್ಣನ್ ಅವರು 1912ರ ಜೂನ್ 30ರಂದು ತಿರುನೆಲ್ವೇಲಿಯಲ್ಲಿ ಜನಿಸಿದರು. ತಂದೆ ಎ. ಮಾಧವಯ್ಯ ತಮಿಳಿನ ಆರಂಭಕಾಲದ ಪ್ರಮುಖ ಕಾದಂಬರಿಕಾರರು. 'ಪದ್ಮಾವತಿ ಚರಿತ್ರಂ' ಅವರ ಪ್ರಸಿದ್ಧ ಕೃತಿ. ಸರಕಾರದ ಉಪ್ಪಿನ ಇಲಾಖೆಯಲ್ಲಿದ್ದ ಮಾಧವಯ್ಯನವರು ಅವಧಿಗೆ ಮುನ್ನವೇ ನಿವೃತ್ತಿ ಪಡೆದು ಪತ್ರಿಕೆ ಮತ್ತು ಮುದ್ರಣಾಲಯಗಳಿಗೆ ತಮ್ಮನ್ನು ಒಪ್ಪಿಸಿಕೊಂಡವರು. 1925ರಲ್ಲಿ ಮದರಾಸು ವಿಶ್ವವಿದ್ಯಾಲಯದ ಸೆನೆಟ್ ಸಭೆಯಲ್ಲಿ ಪದವಿ ತರಗತಿಗಳಿಗೆ ತಮಿಳು ಕಡ್ಡಾಯವಾಗಬೇಕೆಂದು ಮಾತನಾಡುತ್ತಿರುವಾಗಲೇ ಕುಸಿದು ನಿಧನರಾದರು. ದೇಶಭಾಷೆಗಳ ಪರವಾಗಿ ನಡೆದ ಹೋರಾಟಗಳ ಚರಿತ್ರೆಯಲ್ಲಿ ಇಂಥ ಸಾವು ಅಪೂರ್ವವಾದುದು. ಎಂಟು ಮಕ್ಕಳಲ್ಲಿ ಕಿರಿಯವರಾದ ಕೃಷ್ಣನ್ ಅವರಿಗೆ ಆಗ ಹದಿಮೂರು ವರ್ಷ. ಭಾಷೆಯ ಬಗೆಗಿನ ಕಟ್ಟುನಿಟ್ಟು ಮಗನಿಗೂ ಬಂದಿತು. ಮುಂದೆ ಅವರು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆದರೂ ತಮಿಳನ್ನು ಕೈಬಿಡಲಿಲ್ಲ.

ಮದರಾಸಿನ ಮೈಲಾಪುರದಲ್ಲಿ ಆಗಿನ್ನೂ ಕುರುಚಲು ಕಾಡೂ ನರಿಗಳೂ ಉಳಿದಿದ್ದವು. ಬಾಲಕನ ಮೊದಲ ಪಾಠ ಅಲ್ಲಿಯೇ ಆಯಿತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಪಿ.ಎಫ್. ಫೈಸನ್ ಅವರ ಒಡನಾಟ ದೊರೆಯಿತು. ನೀಲಗಿರಿ ಮತ್ತು ಕೊಡೈಕೆನಾಲ್ ಬೆಟ್ಟಗಳ ಕ್ಷೇತ್ರಪ್ರವಾಸಗಳಿಗೆ ಫೈಸನ್ ಅವರ ಜೊತೆ ಹೋಗುತ್ತಿದ್ದ ಈ ವಿದ್ಯಾರ್ಥಿ, ಫೈಸನ್ ಅವರ ಪತ್ನಿಯಿಂದ ಜಲವರ್ಣ ಚಿತ್ರಕಲೆಯನ್ನೂ ಕಲಿತರು. ಸಸ್ಯಶಾಸ್ತ್ರೀಯ ಚಿತ್ರರಚನೆ ಒಂದು ವಿಚಿತ್ರ ಶಿಸ್ತು. ಎಲೆಯ ನರವಿನ್ಯಾಸ ತಪ್ಪಿದರೆ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದಕ್ಕೆ ಬೆಲೆಯಿಲ್ಲ. ನರವಿನ್ಯಾಸ ಸರಿಯಿದ್ದೂ ಗೆರೆ ಜಡವಾಗಿದ್ದರೆ ಗಿಡ ಗುರುತೇ ಸಿಗುವುದಿಲ್ಲ. ಕೃಷ್ಣನ್ ಅವರ ಕ್ಯಾಮೆರಾ ದೃಷ್ಟಿಯ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

1931ರಲ್ಲಿ ಬಿ.ಎ. ಮುಗಿಸಿ, ಎಂ.ಎ. ಮತ್ತು ಕಾನೂನು ವ್ಯಾಸಂಗ ಮಾಡಿದರೂ ಯಾವ ವೃತ್ತಿಯೂ ಅವರನ್ನು ಹಿಡಿದಿಡಲಿಲ್ಲ. ಸಣ್ಣ ಪತ್ರಿಕೆಗಳಿಗೆ ಬರಹ, ವ್ಯಂಗ್ಯಚಿತ್ರ, ಮುದ್ರಣಾಲಯದ ಕೆಲಸ ಎಂದು ಹಲವು ವರ್ಷ ಕಳೆದವು. 1942ರಲ್ಲಿ ಸಂಡೂರು ಸಂಸ್ಥಾನದಿಂದ ಕರೆ ಬಂದಿತು.

ಘೋರ್ಪಡೆ ಅರಸರ ಆಳ್ವಿಕೆಯ ಸಂಡೂರು ಬಳ್ಳಾರಿ ಸೀಮೆಯ ನಡುವೆ ಬೆಟ್ಟಸಾಲುಗಳ ಕೋಟೆಯೊಳಗಿದ್ದ ಪುಟ್ಟ ಸಂಸ್ಥಾನ. ಅಲ್ಲಿ ಕೃಷ್ಣನ್ ಅವರು ಶಾಲಾ ಶಿಕ್ಷಕರಾಗಿ, ನ್ಯಾಯಾಧೀಶರಾಗಿ, ಪ್ರಚಾರಾಧಿಕಾರಿಯಾಗಿ, ಕೊನೆಗೆ ಮಹಾರಾಜರ ರಾಜಕೀಯ ಕಾರ್ಯದರ್ಶಿಯಾಗಿ ಹೀಗೆ ಬೇರೆ ಬೇರೆ ಹುದ್ದೆಗಳಲ್ಲಿ ಕೆಲಸ ಮಾಡಿದರು. ಸಣ್ಣ ಸಂಸ್ಥಾನಗಳಲ್ಲಿ ಒಬ್ಬನೇ ಹಲವು ಪಾತ್ರ ವಹಿಸುವುದು ಹೊಸತೇನಲ್ಲ. ಗಮನಾರ್ಹವಾದುದು ಹುದ್ದೆಗಳ ಆಚೆಗೆ ಅವರು ಮಾಡಿದ್ದು. ಕುರಿ ಮೇಯಿಸಿ ನೋಡಿದರು. ಅಂಚೆಗೆಂದು ಪಾರಿವಾಳಗಳನ್ನು ಸಾಕಿದರು. ಬಿಡುವಾದಾಗಲೆಲ್ಲ ಬೆಟ್ಟ ಸುತ್ತಿದರು. ಕುರಿಯ ಹಿಂದೆ ದಿನವಿಡೀ ನಡೆಯುವವನಿಗೆ ತೋಳ, ಕರಡಿ, ಚಿರತೆಗಳು ಬೇಟೆಯ ವಸ್ತುಗಳಾಗಿ ಕಾಣದೆ ನೆರೆಹೊರೆಯವರಾಗಿ ಕಾಣುತ್ತವೆ. ಅವುಗಳ ಹೊತ್ತು, ದಾರಿ, ಹಸಿವು ಅವನಿಗೆ ತಿಳಿದಿರಲೇಬೇಕು. ಕೃಷ್ಣನ್ ಅವರ ಗದ್ಯದಲ್ಲಿ ಕಾಣುವ ನಿರುದ್ವಿಗ್ನತೆ, ಪ್ರಾಣಿಯನ್ನು ಅದ್ಭುತವಾಗಿಸದ ಸಂಯಮ ಈ ಅನುಭವದಿಂದ ಬಂದಿರಬಹುದು. ಸಂಡೂರಿನ ಬೆಟ್ಟಗಳು ಮುಂದೆ ಕಬ್ಬಿಣದ ಅದಿರಿಗಾಗಿ ಅಗೆಯಲ್ಪಟ್ಟು, 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಬೇಕಾಗಿ ಬಂದದ್ದು ಬೇರೊಂದು ಕಥೆ. ಗಣಿಯ ಪೂರ್ವದ ಆ ನೆಲವನ್ನು ಕಾಲ್ನಡಿಗೆಯಲ್ಲಿ ಬಲ್ಲ ಬರಹಗಾರರೊಬ್ಬರಿದ್ದರು ಎಂಬುದನ್ನು ಪ್ರಾದೇಶಿಕ ಅಧ್ಯಯನ ನಡೆಸುವವರು ಮರೆಯಬಾರದು.

1949ರಲ್ಲಿ ಸಂಸ್ಥಾನ ವಿಲೀನವಾಯಿತು. ಕೃಷ್ಣನ್ ಮದರಾಸಿಗೆ ಮರಳಿ, ಮತ್ತೆ ಯಾರ ನೌಕರಿಯನ್ನೂ ಹಿಡಿಯದೆ ಬರಹ ಮತ್ತು ಛಾಯಾಚಿತ್ರಗಳನ್ನೇ ನಂಬಿ ಬದುಕಿದರು. 1950ರಲ್ಲಿ ಕಲ್ಕತ್ತೆಯ 'ದಿ ಸ್ಟೇಟ್ಸ್‌ಮನ್' ಪತ್ರಿಕೆಯಲ್ಲಿ 'ಕಂಟ್ರಿ ನೋಟ್‌ಬುಕ್' ಎಂಬ ಪಾಕ್ಷಿಕ ಅಂಕಣ ಆರಂಭವಾಯಿತು. ಅದು ನಲವತ್ತಾರು ವರ್ಷ ನಡೆಯಿತು.

ಛಾಯಾಗ್ರಾಹಕರಾಗಿ ಅವರ ಆಯ್ಕೆಗಳು ಬಹುಪಾಲು ನಿರಾಕರಣೆಗಳೇ. ವರ್ಣಚಿತ್ರಣ ಸುಲಭವಾದ ಮೇಲೂ ಅವರು ಕಪ್ಪುಬಿಳುಪನ್ನು ಬಿಡಲಿಲ್ಲ. ಹೊಸ ಹೊಸ ಉಪಕರಣಗಳ ಬೆನ್ನು ಹತ್ತಲಿಲ್ಲ. ಒಂದು ತಯಾರಿಕೆಯ ಒಡಲಿಗೆ ಇನ್ನೊಂದರ ಮಸೂರ ಜೋಡಿಸಿ ತಾವೇ ಸಜ್ಜುಗೊಳಿಸಿಕೊಂಡ ಭಾರದ ಕ್ಯಾಮೆರಾಕ್ಕೆ 'ಸೂಪರ್ ಪಾಂಡರೋಸಾ' ಎಂದು ತಮಾಷೆಯ ಹೆಸರಿಟ್ಟಿದ್ದರು. ಕಾಲ್ನಡಿಗೆಯಲ್ಲಿ, ಇಲ್ಲವೇ ಸಾಕಿದ ಆನೆಯ ಮೇಲೆ ಕುಳಿತು ಕಾಡಾನೆ, ಕಾಟಿಗಳನ್ನು ಸಮೀಪಿಸುವುದು ಅವರ ಕ್ರಮ.

ಕಪ್ಪುಬಿಳುಪಿನ ಆಯ್ಕೆಯನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವಂತಿಲ್ಲ. ದಕ್ಷಿಣದ ಕಾಡುಗಳಲ್ಲಿ ಆನೆಯ ಬಣ್ಣ ಅದು ಮೈಮೇಲೆ ಎರಚಿಕೊಂಡ ಮಣ್ಣಿನ ಬಣ್ಣ. ಕೆಮ್ಮಣ್ಣಿನಲ್ಲಿ ಕೆಂಪಾಗಿ, ಕೆರೆಯಿಂದೆದ್ದಾಗ ಕಪ್ಪಾಗಿ ಕಾಣುತ್ತದೆ. ಒಂದು ಆನೆಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಿವಿಯಂಚಿನ ಹರಕು, ದಂತದ ಬಾಗು, ಬಾಲದ ಕೂದಲು, ತಲೆಯ ಉಬ್ಬು. ಇವೆಲ್ಲ ಬಣ್ಣದ ಲಕ್ಷಣಗಳಲ್ಲ, ಆಕಾರ ಮತ್ತು ಮೈವಳಿಕೆಯ ಲಕ್ಷಣಗಳು. ಬೆಳಗಿನ ಓರೆ ಬೆಳಕು ಚರ್ಮದ ಸುಕ್ಕುಗಳನ್ನು ಬಿಡಿಸಿ ತೋರಿಸಿದಾಗ ಚಿತ್ರ ಸುಂದರವಾಗುತ್ತದೆ. ಅದೇ ಕಾರಣಕ್ಕೆ ಅದು ಗುರುತಿನ ದಾಖಲೆಯೂ ಆಗುತ್ತದೆ. ಮರದ ನೆರಳಿನಲ್ಲಿ ನಿಂತ ಕಾಟಿಯ ಕಪ್ಪು ಮೈ ಹಾಗೂ ಅದರ ಹಿಂದಿನ ಉರಿಬಿಸಿಲು ಎರಡನ್ನೂ ಒಂದೇ ಫಿಲ್ಮಿನಲ್ಲಿ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಆ ಕಾಲದ ಛಾಯಾಗ್ರಾಹಕರೆಲ್ಲ ಬಲ್ಲರು. ಕೃಷ್ಣನ್ ಅವರಲ್ಲಿ ಕಲೆ ವಿಜ್ಞಾನದ ಮೇಲೆ ಹಚ್ಚಿದ ಬಣ್ಣವಲ್ಲ. ನಿಖರತೆ ಒಂದು ಹದಕ್ಕೆ ಬಂದಾಗ ಅದು ತಾನಾಗಿ ಕಲೆಯಾಗಿ ಕಾಣುತ್ತದೆ. ಅಂತರರಾಷ್ಟ್ರೀಯ ಸಲೋನ್‌ಗಳ ಪ್ರಕೃತಿ ವಿಭಾಗದ ನಿಯಮಗಳೂ ಚಿತ್ರದ ಅಂದಕ್ಕಿಂತ ಅದು ಹೇಳುವ ಸಂಗತಿಗೆ ಹೆಚ್ಚು ತೂಕ ಕೊಡುತ್ತವೆ. ಆದರೆ ಅಲ್ಲಿ ಇವೆರಡೂ ಇನ್ನೂ ಬೇರೆ ಬೇರೆ ಅಂಶಗಳಾಗಿಯೇ ಉಳಿದಿವೆ.

1968ರಲ್ಲಿ ಜವಾಹರಲಾಲ್ ನೆಹರು ಫೆಲೋಶಿಪ್ ದೊರೆತಾಗ ಈ ದೃಷ್ಟಿ ದೊಡ್ಡ ಪರೀಕ್ಷೆಗೆ ಒಳಗಾಯಿತು. ಪರ್ಯಾಯದ್ವೀಪ ಭಾರತದ ದೊಡ್ಡ ಸಸ್ತನಿಗಳ ಪರಿಸರಾತ್ಮಕ ಸಮೀಕ್ಷೆ ಅವರ ಯೋಜನೆ. ಫಲಿತಗಳು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ 1971ರಿಂದ ಕಂತುಗಳಾಗಿ ಪ್ರಕಟವಾಗಿ 1975ರಲ್ಲಿ ಗ್ರಂಥರೂಪ ಪಡೆದವು. ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ಪದವಿಯಿಲ್ಲದ ವ್ಯಕ್ತಿಯೊಬ್ಬರು ಕೈಗೊಂಡ ಕೆಲಸವಿದು. ಇದರ ಆಧಾರ ಸಂಖ್ಯಾಶಾಸ್ತ್ರವಲ್ಲ, ದೀರ್ಘಕಾಲದ ಕಣ್ಣೋಟ. ಸಮೀಕ್ಷೆಯ ಬಲವೂ ಮಿತಿಯೂ ಇದೇ.

ಈ ಮಿತಿ ಸ್ಪಷ್ಟವಾಗಬೇಕಾದರೆ ಛಾಯಾಗ್ರಹಣದ ಇನ್ನೊಂದು ಪರಂಪರೆಯನ್ನು ನೋಡಬೇಕು. ಅರಣ್ಯಾಧಿಕಾರಿ ಎಫ್.ಡಬ್ಲ್ಯೂ. ಚಾಂಪಿಯನ್ 1920ರ ದಶಕದಲ್ಲಿ ಉತ್ತರ ಭಾರತದ ಕಾಡುಗಳಲ್ಲಿ, ಹುಲಿಯ ಕಾಲಿಗೆ ತಾಗಿದ ತಂತಿಯಿಂದ ತಾನಾಗಿ ಚಾಲನೆಗೊಳ್ಳುವ ಕ್ಯಾಮೆರಾ ಬಳಸಿ ಚಿತ್ರ ತೆಗೆದರು. ಪಟ್ಟೆಗಳಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸಬಹುದೆಂದು ಕಂಡುಕೊಂಡರು. ಅದೇ ತತ್ತ್ವದ ಮೇಲೆ 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಣತಿಗೆ ಸಂಖ್ಯಾಶಾಸ್ತ್ರೀಯ ತಳಹದಿ ಒದಗಿಸಿದರು. ಅಲ್ಲಿ ಕ್ಯಾಮೆರಾದ ಹಿಂದೆ ಮನುಷ್ಯ ನಿಂತಿರುವುದಿಲ್ಲ. ಚಿತ್ರ ಸುಂದರವೋ ಅಲ್ಲವೋ ಎಂಬ ಪ್ರಶ್ನೆಯೂ ಏಳುವುದಿಲ್ಲ. ಎಷ್ಟು ಹುಲಿಗಳಿವೆ ಎಂಬ ಪ್ರಶ್ನೆಗೆ ಕೃಷ್ಣನ್ ಅವರ ವಿಧಾನ ಇಂಥ ಖಚಿತ ಉತ್ತರ ಕೊಡಲಾರದು. ಆದರೆ ಹಿಂಡೊಂದು ಅಪರಿಚಿತರ ಸುಳಿವು ಸಿಕ್ಕಾಗ ಮರಿಯನ್ನು ಹೇಗೆ ನಡುವೆ ತಂದುಕೊಳ್ಳುತ್ತದೆ ಎಂಬುದನ್ನು ತಂತಿ ಕಟ್ಟಿದ ಕ್ಯಾಮೆರಾ ಹೇಳಲಾರದು. ಅಲ್ಲಿ ಯಾರಾದರೂ ಕಾದು ಕುಳಿತಿರಬೇಕು.

ಅವರು ಪಕ್ಷಪಾತಗಳಿಲ್ಲದ ವ್ಯಕ್ತಿಯೇನಲ್ಲ. ಪರದೇಶದ ಅಲಂಕಾರಿಕ ಮರಗಳ ಬಗ್ಗೆ ಅವರಿಗಿದ್ದ ಅಸಹನೆ ಪ್ರಸಿದ್ಧ. ದೇಶದ ಅಸ್ಮಿತೆ ಇರುವುದು ಅದರ ಗಿಡ, ಪ್ರಾಣಿಗಳಲ್ಲಿ ಎಂದು ನಂಬಿದವರಿಗೆ ಅದು ಸಹಜವೇ. ಭಾರತೀಯ ವನ್ಯಜೀವಿ ಮಂಡಳಿಯ ಸದಸ್ಯರಾಗಿಯೂ ಅವರು ಸ್ವತಂತ್ರ ಅಭಿಪ್ರಾಯದವರಾಗಿಯೇ ಉಳಿದರು. ಪದ್ಮಶ್ರೀ ಪ್ರಶಸ್ತಿಯೂ 1995ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 'ಗ್ಲೋಬಲ್ 500' ಗೌರವವೂ ಅವರಿಗೆ ಸಂದವು.

ಕೃಷ್ಣನ್ ಸಂಡೂರಿನಲ್ಲಿದ್ದಾಗ ಅರಮನೆಯಲ್ಲಿ ಬೆಳೆಯುತ್ತಿದ್ದ ಬಾಲಕ ಎಂ.ವೈ. ಘೋರ್ಪಡೆ (1931–2011) ಮುಂದೆ ಕರ್ನಾಟಕದ ಅರ್ಥಸಚಿವರಾದದ್ದು ಎಲ್ಲರಿಗೂ ತಿಳಿದಿದೆ. ಕಪ್ಪುಬಿಳುಪಿನ ವನ್ಯಜೀವಿ ಚಿತ್ರಗಳಿಗೆ ಅವರು ಅಂತರರಾಷ್ಟ್ರೀಯ ಮನ್ನಣೆ ಪಡೆದದ್ದು ಅಷ್ಟಾಗಿ ನೆನಪಾಗುವುದಿಲ್ಲ. ಇಬ್ಬರ ನಡುವೆ ಗುರುಶಿಷ್ಯ ಸಂಬಂಧವನ್ನು ಕಲ್ಪಿಸುವುದು ಇಲ್ಲಿನ ಉದ್ದೇಶವಲ್ಲ. ಇಷ್ಟು ಚಿಕ್ಕ ಸಂಸ್ಥಾನದ ಜೊತೆ ಇಂಥ ಎರಡು ಹೆಸರುಗಳು ಬೆಸೆದುಕೊಂಡಿರುವುದೇ ಕುತೂಹಲಕರ.

1996ರ ಫೆಬ್ರವರಿ 18ರಂದು ಕೃಷ್ಣನ್ ತೀರಿಕೊಂಡರು. ಅವರ ಅಂಕಣದ ಕೊನೆಯ ಕಂತು ಅದೇ ದಿನ ಅಚ್ಚಾಗಿ ಬಂದಿತ್ತು. ರಾಮಚಂದ್ರ ಗುಹಾ ಅವರು ಸಂಪಾದಿಸಿದ ಇಂಗ್ಲಿಷ್ ಲೇಖನಗಳು 2000ದಲ್ಲಿ, ಥಿಯಡೋರ್ ಭಾಸ್ಕರನ್ ಅವರು ಒಟ್ಟುಗೂಡಿಸಿದ ತಮಿಳು ಬರಹಗಳು 2002ರಲ್ಲಿ, ಛಾಯಾಚಿತ್ರಗಳ ಸಂಪುಟ 2006ರಲ್ಲಿ ಪ್ರಕಟವಾದವು. ಗ್ರಂಥಾಲಯಗಳಲ್ಲಿ ಇವು ಸಾಹಿತ್ಯ, ಪ್ರಾಣಿಶಾಸ್ತ್ರ, ಕಲೆ ಎಂದು ಬೇರೆ ಬೇರೆ ಕಪಾಟುಗಳ ಪಾಲಾಗುತ್ತವೆ. ಒಂದೇ ಮೇಜಿನ ಮೇಲೆ ಇಟ್ಟು ಓದಬೇಕಾದ ಪುಸ್ತಕಗಳಿವು.