ಮನೆಬಾಗಿಲಿಗೆ ಬಂದ ಸೇವೆ: ದಿನಕರ ದೇಸಾಯಿಯವರ ಬದುಕು

ನಮ್ಮ ಅನೇಕ ಗ್ರಾಮಗಳಲ್ಲಿ ಇಂದು ಸಮುದಾಯ ಭವನಗಳಿವೆ. ಸರಕಾರದ ಅನುದಾನದಿಂದ ಕಟ್ಟಿದವು ಕೆಲವು. ಯುವಕ ಮಂಡಳ, ಮಹಿಳಾ ಮಂಡಳಗಳು ಕಷ್ಟಪಟ್ಟು ಎಬ್ಬಿಸಿದವು ಕೆಲವು. ಇಗರ್ಜಿಗಳ ಪಕ್ಕದಲ್ಲಿ ಧರ್ಮಕೇಂದ್ರದ ಸಭಾಗೃಹಗಳೂ ಇವೆ. ಮದುವೆ, ದೀಕ್ಷಾಸ್ನಾನ, ವಾರ್ಷಿಕೋತ್ಸವಗಳಂದು ಇವು ಜನರಿಂದ ತುಂಬುತ್ತವೆ. ಉಳಿದ ದಿನಗಳಲ್ಲಿ ಹಲವಕ್ಕೆ ಬೀಗ ಬಿದ್ದಿರುತ್ತದೆ. ಇಟ್ಟಿಗೆ ಸುಣ್ಣಗಳ ಕಟ್ಟಡವು ನೆರೆಹೊರೆಯವರ ಸೇವಾಕೇಂದ್ರವಾಗುವುದು ಯಾವಾಗ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಅಂಕೋಲೆಯ ಮಣ್ಣಿನಲ್ಲಿ ಹುಟ್ಟಿ, ಮುಂಬಯಿಯ ಬಡವರ ಕೇರಿಗಳಲ್ಲಿ ಸೇವೆಯ ಪಾಠ ಕಲಿತು, ಆ ಪಾಠವನ್ನು ಮರಳಿ ತನ್ನ ಜಿಲ್ಲೆಯ ಹಳ್ಳಿಗಳಿಗೆ ತಂದ ದಿನಕರ ದೇಸಾಯಿಯವರ ಬದುಕಿನಲ್ಲಿಯೇ ಆ ಉತ್ತರವಿದೆ.

ಕನ್ನಡ ನಾಡಿಗೆ ಅವರು ಚುಟುಕಗಳ ಕವಿಯೆಂದು ಪರಿಚಿತರು. ಗಡಿಯಾರವನ್ನು ಕುರಿತ ಅವರ ಮಕ್ಕಳ ಪದ್ಯವನ್ನು ಬಾಯಿಪಾಠ ಮಾಡಿ ಬೆಳೆದವರು ನಮ್ಮ ಮನೆಗಳಲ್ಲಿ ಅನೇಕರಿರುವರು. ಆದರೆ ಆ ಕವಿಯ ಹಿಂದೆ ಒಬ್ಬ ಸಮಾಜಸೇವಕನಿದ್ದನೆಂಬುದನ್ನು ಇಂದಿನ ತಲೆಮಾರು ಮರೆಯುತ್ತಿದೆ.

1909ರ ಸೆಪ್ಟೆಂಬರ್ 10ರಂದು ಜನಿಸಿದ ದೇಸಾಯಿಯವರು ಶಾಲಾ ಶಿಕ್ಷಕರೊಬ್ಬರ ಮಗ. ಅಂಕೋಲಾ ತಾಲೂಕಿನ ಅಲಗೇರಿಯ ನಂಟು ಅವರಿಗೆ ಬಾಲ್ಯದಿಂದಲೇ ಇತ್ತು. ಆಗ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅವರು ಇಪ್ಪತ್ತರ ಹರೆಯದಲ್ಲಿದ್ದಾಗ, ಅಂದರೆ 1930ರಲ್ಲಿ, ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಬಳಿಕ ಕರನಿರಾಕರಣೆಯ ಹೋರಾಟದಲ್ಲಿ ಈ ತಾಲೂಕಿನ ರೈತರು ಹೊಲಮನೆಗಳನ್ನು ಪಣಕ್ಕಿಟ್ಟರು. ಓದು ಬಾರದ ಸಾಮಾನ್ಯ ಜನರೂ ಒಂದುಗೂಡಿದರೆ ಎಂಥ ತ್ಯಾಗಕ್ಕೂ ಸಿದ್ಧರೆಂಬುದನ್ನು ಆ ದಿನಗಳು ತೋರಿಸಿಕೊಟ್ಟವು.

ಮೈಸೂರಿನಲ್ಲಿ ಓದಿ, ಮುಂಬಯಿಯಲ್ಲಿ ಉನ್ನತ ವ್ಯಾಸಂಗ ಕೈಗೊಂಡ ದೇಸಾಯಿಯವರು ಇತಿಹಾಸವನ್ನು ತಮ್ಮ ವಿಷಯವಾಗಿ ಆರಿಸಿಕೊಂಡರು. ಇಲ್ಲಿ ನಮ್ಮ ವಾಚಕರಿಗೆ ಆಸಕ್ತಿದಾಯಕವಾದ ಸಂಗತಿಯೊಂದಿದೆ. ಸ್ಪೇನ್ ದೇಶದಿಂದ 1922ರಲ್ಲಿ ಮುಂಬಯಿಗೆ ಬಂದ ಯೇಸುಸಭೆಯ ಗುರು ಫಾದರ್ ಹೆನ್ರಿ ಹೆರಾಸರು 1926ರಲ್ಲಿ ಸಂತ ಝೇವಿಯರ್ ಕಾಲೇಜಿನಲ್ಲಿ ಭಾರತೀಯ ಇತಿಹಾಸ ಸಂಶೋಧನ ಸಂಸ್ಥೆಯನ್ನು ಕಟ್ಟಿದ್ದರು. ಕಲ್ಯಾಣದ ಚಾಲುಕ್ಯರ ಕಾಲದ ಮಹಾಮಂಡಲೇಶ್ವರರನ್ನು ಕುರಿತು ದೇಸಾಯಿಯವರು ರಚಿಸಿದ ಗ್ರಂಥವನ್ನು 1951ರಲ್ಲಿ ಪ್ರಕಟಿಸಿದುದು ಇದೇ ಸಂಸ್ಥೆ. ಕನ್ನಡ ನಾಡಿನ ಶಾಸನಗಳ ಅಧ್ಯಯನವು ಒಬ್ಬ ಸ್ಪ್ಯಾನಿಷ್ ಗುರುವಿನ ವಿದ್ಯಾಸಂಸ್ಥೆಯಿಂದ, ಅಂಕೋಲೆಯ ಒಬ್ಬ ಶಿಕ್ಷಕನ ಮಗನ ಲೇಖನಿಯಿಂದ ಹೊರಬಂದಿತು.

ಇಂಥ ಪಾಂಡಿತ್ಯವುಳ್ಳವರಿಗೆ ಆ ಕಾಲದಲ್ಲಿ ಒಳ್ಳೆಯ ನೌಕರಿ ದೊರೆಯುವುದು ಕಷ್ಟವಾಗಿರಲಿಲ್ಲ. ಆದರೆ ಅವರು ಆರಿಸಿಕೊಂಡುದು ಬೇರೆಯೇ ದಾರಿ. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜವನ್ನು ಅವರು ಸೇರಿದರು. ಅದರ ಸದಸ್ಯರು ಏಳು ಪ್ರತಿಜ್ಞೆಗಳನ್ನು ಸ್ವೀಕರಿಸಬೇಕಾಗಿತ್ತು. ದೇಶಕ್ಕೆ ಮನಸ್ಸಿನಲ್ಲಿ ಮೊದಲ ಸ್ಥಾನ ನೀಡುವುದು, ಜಾತಿಮತಗಳ ಭೇದವಿಲ್ಲದೆ ಎಲ್ಲರನ್ನೂ ಸೋದರರಂತೆ ಕಾಣುವುದು, ಸಮಾಜವು ಕೊಡುವ ಅಲ್ಪ ಸಂಭಾವನೆಯಲ್ಲಿ ತೃಪ್ತರಾಗಿದ್ದು ಸ್ವಂತಕ್ಕಾಗಿ ಹಣ ಗಳಿಸದಿರುವುದು, ಯಾರೊಡನೆಯೂ ವೈಯಕ್ತಿಕ ಜಗಳಕ್ಕಿಳಿಯದಿರುವುದು ಅವುಗಳಲ್ಲಿ ಸೇರಿದ್ದವು. ಸನ್ಯಾಸ ಸಭೆಗಳ ವ್ರತಗಳನ್ನು ಬಲ್ಲ ಕಥೋಲಿಕ ಕುಟುಂಬಗಳಿಗೆ ಈ ಜೀವನಕ್ರಮದ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ. ಸಂಸಾರಿಗಳಾಗಿದ್ದುಕೊಂಡೇ ಬಡತನವನ್ನು ಸ್ವ‌ಇಚ್ಛೆಯಿಂದ ಒಪ್ಪಿಕೊಂಡವರು ಈ ಸದಸ್ಯರು.

ಅವರ ಕಾರ್ಯಕ್ಷೇತ್ರವಾದ ಮುಂಬಯಿಯು ಆಗ ನೆರೆಹೊರೆಯ ಸೇವಾಕೇಂದ್ರಗಳ ಪ್ರಯೋಗಶಾಲೆಯಾಗಿತ್ತು. ವಿದ್ಯಾವಂತರು ಬಡವರ ಕೇರಿಗೆ ಹೋಗಿ ಅವರ ನಡುವೆಯೇ ನೆಲೆಸಿ ಸೇವೆ ಮಾಡಬೇಕೆಂಬ ವಿಚಾರವು 1884ರಲ್ಲಿ ಲಂಡನ್ನಿನ ಟಾಯ್ನ್‌ಬೀ ಹಾಲ್ ಮೂಲಕವೂ, 1889ರಲ್ಲಿ ಜೇನ್ ಆ್ಯಡಮ್ಸ್ ಅವರು ಶಿಕಾಗೋದಲ್ಲಿ ತೆರೆದ ಹಲ್ ಹೌಸ್ ಮೂಲಕವೂ ರೂಪುಗೊಂಡಿತ್ತು. ಭಾರತ ಸೇವಕ ಸಮಾಜದ ಸದಸ್ಯರೇ ಆದ ಎನ್. ಎಂ. ಜೋಶಿಯವರು 1911ರಲ್ಲಿ ಮುಂಬಯಿಯಲ್ಲಿ ಸೋಷಿಯಲ್ ಸರ್ವಿಸ್ ಲೀಗ್ ಸ್ಥಾಪಿಸಿ, ಗಿರಣಿ ಕಾರ್ಮಿಕರಿಗಾಗಿ ವಾಚನಾಲಯ, ರಾತ್ರಿಶಾಲೆ, ಔಷಧೋಪಚಾರ, ಸಹಕಾರಿ ಪತ್ತಿನ ಸಂಘ, ಬಡವರಿಗೆ ಕಾನೂನಿನ ಸಲಹೆ ಮುಂತಾದವುಗಳನ್ನು ಏರ್ಪಡಿಸಿದರು. 1926ರಲ್ಲಿ ಅಮೆರಿಕನ್ ಮಿಶನ್ನಿನ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರು ನಾಗಪಾಡಾದಲ್ಲಿ ನೆರೆಹೊರೆ ಭವನವನ್ನು ತೆರೆದರು. ಅಲ್ಲಿನ ಅನುಭವದಿಂದಲೇ 1936ರಲ್ಲಿ ಟಾಟಾ ಸಮಾಜಕಾರ್ಯ ಶಾಲೆ ಹುಟ್ಟಿಕೊಂಡಿತು. ಭಿಕ್ಷೆ ನೀಡಿ ಕಳುಹಿಸುವುದಕ್ಕಿಂತ, ಭಿಕ್ಷೆಯ ಅಗತ್ಯವೇ ಬಾರದಂತೆ ಜನರನ್ನು ಸಮರ್ಥರನ್ನಾಗಿಸುವುದು ಮೇಲೆಂಬುದು ಈ ಎಲ್ಲ ಪ್ರಯತ್ನಗಳ ಹಿಂದಿದ್ದ ನಂಬಿಕೆ.

ಇಂಥ ಮುಂಬಯಿಯಲ್ಲಿ ದೇಸಾಯಿಯವರು ಕೈಗೆತ್ತಿಕೊಂಡುದು ಹಡಗಿನ ಕಾರ್ಮಿಕರ ಕೆಲಸ. ನಾವಿಕರಲ್ಲಿ, ವಿಶೇಷವಾಗಿ ಅಡುಗೆ ಮತ್ತು ಪ್ರಯಾಣಿಕರ ಪರಿಚಾರಿಕೆಯ ವಿಭಾಗದಲ್ಲಿ, ಗೋವೆಯ ಕಥೋಲಿಕರು ಬಹುಸಂಖ್ಯೆಯಲ್ಲಿದ್ದರು. ಒಂದು ಹಡಗಿನಿಂದ ಇಳಿದು ಇನ್ನೊಂದು ದೊರೆಯುವವರೆಗೆ ಇವರಿಗೆ ಆಸರೆಯಾಗಿದ್ದವು ಧೋಬಿತಲಾವ್, ಮಝಗಾಂವ್ ಮುಂತಾದ ಕಡೆಗಳಲ್ಲಿದ್ದ ಕೂಡುಗಳು. ಒಂದೊಂದು ಊರಿನವರು ಕೂಡಿ ನಡೆಸುತ್ತಿದ್ದ ಈ ವಸತಿಗೃಹಗಳಲ್ಲಿ ಸದಸ್ಯನಾದವನು ಅಲ್ಪ ಚಂದಾ ಕೊಟ್ಟು ತನ್ನ ಪೆಟ್ಟಿಗೆಯನ್ನಿಟ್ಟು ಚಾಪೆ ಹಾಸಿ ಮಲಗಬಹುದಾಗಿತ್ತು. ಗೋಡೆಯ ಬದಿಯಲ್ಲೊಂದು ಪೀಠ, ಸಂಜೆಗೆ ಎಲ್ಲರೂ ಕೂಡಿ ಹೇಳುವ ತೇರ್ಸ್, ಕಾಹಿಲೆ ಬಿದ್ದವನಿಗೆ ಊರವರ ಆರೈಕೆ, ಕೆಲಸದ ಸುದ್ದಿಯ ವಿನಿಮಯ ಇವೆಲ್ಲವೂ ಅಲ್ಲಿ ದೊರೆಯುತ್ತಿದ್ದವು. ಸಮುದಾಯ ಕೇಂದ್ರವೆಂಬ ಹೆಸರು ಪ್ರಚಾರಕ್ಕೆ ಬರುವ ಮೊದಲೇ ನಮ್ಮ ಕೊಂಕಣದ ಬಡ ನಾವಿಕರು ತಮ್ಮ ಸ್ವಂತ ಶಕ್ತಿಯಿಂದ ಅದನ್ನು ಕಟ್ಟಿಕೊಂಡಿದ್ದರೆಂಬುದು ಹೆಮ್ಮೆಯ ವಿಷಯ.

ಆದರೆ ಕೂಡು ಆಸರೆಯನ್ನು ಕೊಡಬಲ್ಲುದು, ನ್ಯಾಯವನ್ನು ಕೊಡಿಸಲಾರದು. ಹಡಗಿನ ಕೆಲಸ ಸಿಗಬೇಕಾದರೆ ಸಾರಂಗರಿಗೆ, ಬಟ್ಲರರಿಗೆ, ದಲಾಲರಿಗೆ ಲಂಚ ಕೊಡಬೇಕಾಗಿತ್ತು. ಅದಕ್ಕಾಗಿ ಮಾಡಿದ ಸಾಲದ ಬಡ್ಡಿ ತೀರಿಸುವುದರಲ್ಲಿಯೇ ದುಡಿಮೆ ಸವೆಯುತ್ತಿತ್ತು. ಈ ಸಂಕಷ್ಟಗಳನ್ನು ದೇಸಾಯಿಯವರು ಆಳವಾಗಿ ಅಭ್ಯಸಿಸಿ, ಭಾರತದ ಹಡಗು ಕಾರ್ಮಿಕರನ್ನು ಕುರಿತ ಇಂಗ್ಲಿಷ್ ಗ್ರಂಥವೊಂದನ್ನು 1940ರಲ್ಲಿ ಭಾರತ ಸೇವಕ ಸಮಾಜದ ಮೂಲಕ ಪ್ರಕಟಿಸಿದರು. ನಾವಿಕರ ಸಂಘಟನೆಯಲ್ಲಿ ಮುಂದಾಳಾಗಿ ದುಡಿದು, ಅವರ ಅಹವಾಲುಗಳಿಗೆ ದನಿಯಾದರು. ತನ್ನ ಧರ್ಮದವರಲ್ಲದ, ತನ್ನ ಊರಿನವರಲ್ಲದ ಜನರಿಗಾಗಿ ಒಬ್ಬ ಕನ್ನಡ ಕವಿ ಮಾಡಿದ ಈ ದುಡಿಮೆಯನ್ನು ಕಥೋಲಿಕ ಸಮಾಜವು ಕೃತಜ್ಞತೆಯಿಂದ ನೆನೆಯಬೇಕಾಗಿದೆ.

ಮುಂಬಯಿಯಲ್ಲಿದ್ದರೂ ಅವರ ಮನಸ್ಸು ಹುಟ್ಟಿದ ಜಿಲ್ಲೆಯನ್ನು ಬಿಟ್ಟಿರಲಿಲ್ಲ. ಉತ್ತರ ಕನ್ನಡದ ಗೇಣಿ ರೈತರ ಪಾಡು ಹಡಗಿನ ಕಾರ್ಮಿಕರ ಪಾಡಿಗಿಂತ ಉತ್ತಮವಾಗಿರಲಿಲ್ಲ. ಹಾಲಕ್ಕಿ ಒಕ್ಕಲಿಗರೇ ಮೊದಲಾದ ಸಮುದಾಯಗಳು ತಲೆಮಾರುಗಳಿಂದ ಪರರ ಗದ್ದೆಗಳಲ್ಲಿ ಬೆವರು ಸುರಿಸಿ, ಬೆಳೆದ ಭತ್ತದ ದೊಡ್ಡ ಪಾಲನ್ನು ಒಡೆಯರ ಅಂಗಳಕ್ಕೆ ಹೊತ್ತು ಹಾಕುತ್ತಿದ್ದವು. ದೇಸಾಯಿಯವರು ಈ ರೈತರನ್ನು ಸಂಘಟಿಸಿದರು. ಪರಿಣಾಮವಾಗಿ 1940ರ ದಶಕದ ಆರಂಭದಲ್ಲಿ ಬ್ರಿಟಿಷ್ ಆಡಳಿತವು ಅವರನ್ನು ಐದು ವರ್ಷಗಳ ಕಾಲ ಜಿಲ್ಲೆಯಿಂದ ಗಡೀಪಾರು ಮಾಡಿತು. ಹುಟ್ಟಿದೂರಿಗೆ ಕಾಲಿಡಲಾಗದ ಶಿಕ್ಷೆಯನ್ನು ಅವರು ಅನುಭವಿಸಿದರೇ ಹೊರತು ಹಿಡಿದ ಕಾರ್ಯವನ್ನು ಕೈಬಿಡಲಿಲ್ಲ. ಮುಂದೆ 1948ರ ಮುಂಬಯಿ ಗೇಣಿ ಕಾಯ್ದೆ, 1974ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆ ಇವುಗಳಿಂದ ಗೇಣಿದಾರರಿಗೆ ನೆಲದ ಹಕ್ಕು ಹಂತಹಂತವಾಗಿ ದೊರೆಯಿತು. ಆ ದಿನವನ್ನು ಕಣ್ಣಾರೆ ಕಾಣುವ ಭಾಗ್ಯ ದೇಸಾಯಿಯವರಿಗೆ ಲಭಿಸಿತು.

ನೆಲದ ಹಕ್ಕು ಬಂದರೂ ಅಕ್ಷರವಿಲ್ಲದವನು ಅದನ್ನು ಉಳಿಸಿಕೊಳ್ಳಲಾರ. ಕಾಗದಪತ್ರವನ್ನು ಓದಲು ಬಾರದವನಿಗೆ ಕಾಯ್ದೆಯೂ ಪರರ ಸೊತ್ತು. 1938ರಷ್ಟು ಹಿಂದೆಯೇ ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಗ್ರಂಥ ಬರೆದಿದ್ದ ದೇಸಾಯಿಯವರಿಗೆ ಈ ಸತ್ಯ ಚೆನ್ನಾಗಿ ತಿಳಿದಿತ್ತು. 1953ರಲ್ಲಿ ಅವರು ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿದರು. ಅಂದಿನ ಸ್ಥಿತಿಯನ್ನು ಊಹಿಸಿಕೊಂಡರೆ ಇದರ ಮಹತ್ವ ಅರಿವಾಗುತ್ತದೆ. ಹಿಲ್ಲೂರಿನಂಥ ಒಳನಾಡಿನ ಹಳ್ಳಿಗಳಿಗೆ ಅಂಕೋಲೆ ಪೇಟೆ ಬಹು ದೂರ. ಮಳೆಗಾಲದಲ್ಲಿ ಹಳ್ಳಕೊಳ್ಳಗಳು ತುಂಬಿದರೆ ದಾರಿಯೇ ಇಲ್ಲ. ಪೇಟೆಯಲ್ಲಿ ಮನೆ ಮಾಡಿ ಮಗನನ್ನು ಓದಿಸುವ ಶಕ್ತಿ ಗೇಣಿ ರೈತನಿಗೆ ಎಲ್ಲಿಯದು? ಮಗಳನ್ನು ಅಷ್ಟು ದೂರ ಕಳುಹಿಸುವ ಮಾತಂತೂ ದೂರವೇ ಉಳಿಯಿತು. ಪ್ರಾಥಮಿಕ ಶಾಲೆಯ ಕೊನೆಯ ತರಗತಿಯೇ ಎಷ್ಟೋ ಮಕ್ಕಳ ಓದಿನ ಕೊನೆಯೂ ಆಗಿತ್ತು.

ಮಕ್ಕಳು ಶಾಲೆಯ ಬಳಿಗೆ ಬರಲಾರದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಬೇಕು. ಮುಂಬಯಿಯ ಸೇವಾಕೇಂದ್ರಗಳ ಹಿಂದಿದ್ದ ತತ್ವವೂ ಇದೇ. ದಾಂಡೇಲಿ, ಶಿರಾಲಿ, ಮಿರ್ಜಾನ್, ಮುರ್ಡೇಶ್ವರ ಮುಂತಾದೆಡೆಗಳಲ್ಲಿ ಟ್ರಸ್ಟಿನ ಜನತಾ ವಿದ್ಯಾಲಯಗಳು ತಲೆಯೆತ್ತಿದವು. ಈ ಶಾಲೆಗಳಿಗೆ ಅವರು ರಾಜರ ಹೆಸರನ್ನೋ ಧನಿಕರ ಹೆಸರನ್ನೋ ಇಡದೆ ಜನತೆಯ ಹೆಸರನ್ನಿಟ್ಟುದು ಅರ್ಥಪೂರ್ಣ. ಗೋಖಲೆಯವರ ಜನ್ಮಶತಾಬ್ದಿಯಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಪ್ರಾರಂಭವಾಯಿತು. ಹಳ್ಳಿಯ ಮಕ್ಕಳಿಗೆ ಪದವಿಯ ಬಾಗಿಲೂ ತಾಲೂಕಿನಲ್ಲಿಯೇ ತೆರೆಯಿತು. ತನ್ನ ಗುರುಸಮಾನರಾದವರಿಗೆ ಅವರು ಕಲ್ಲಿನ ಪ್ರತಿಮೆಯನ್ನಲ್ಲ, ಕಲಿಯುವ ಮನೆಯನ್ನು ಕಾಣಿಕೆಯಾಗಿ ಅರ್ಪಿಸಿದರು.

ಶಾಲೆಯ ಗೋಡೆಗಳ ಹೊರಗಿದ್ದ ಜನರಿಗಾಗಿ ಅವರು ಜನಸೇವಕ ಎಂಬ ವಾರಪತ್ರಿಕೆಯನ್ನು ನಡೆಸಿದರು. ನಾಲ್ಕೇ ಸಾಲುಗಳ ಚೌಪದಿಗಳಲ್ಲಿ ಅಧಿಕಾರಸ್ಥರ ಡಂಭಾಚಾರವನ್ನೂ, ಸೇವೆಯ ಹೆಸರಿನ ಸ್ವಾರ್ಥವನ್ನೂ ಮೊನಚಾಗಿ ಚುಚ್ಚಿದರು. 1967ರಲ್ಲಿ ಉತ್ತರ ಕನ್ನಡದ ಮತದಾರರು ಅವರನ್ನು ಪಕ್ಷೇತರರನ್ನಾಗಿಯೇ ಲೋಕಸಭೆಗೆ ಕಳುಹಿಸಿದರು. ಯಾವ ದೊಡ್ಡ ಪಕ್ಷದ ಬೆಂಬಲವೂ ಇಲ್ಲದ ವ್ಯಕ್ತಿಯೊಬ್ಬರು ಆರಿಸಿ ಬಂದುದು ಅವರು ಗಳಿಸಿದ್ದ ವಿಶ್ವಾಸದ ಕುರುಹು. 1982ರಲ್ಲಿ ಅವರು ಇಹಲೋಕ ತ್ಯಜಿಸಿದರು.

ಅವರ ಬದುಕಿನಿಂದ ನಾವು ಕಲಿಯಬೇಕಾದುದು ಏನು? ಮೊದಲನೆಯದಾಗಿ, ಸೇವಾಕೇಂದ್ರವು ಇರಬೇಕಾದುದು ಕಟ್ಟುವವರಿಗೆ ಅನುಕೂಲವಾದ ಸ್ಥಳದಲ್ಲಲ್ಲ, ಅಗತ್ಯವುಳ್ಳವರು ನಡೆದು ತಲಪಬಲ್ಲ ಸ್ಥಳದಲ್ಲಿ. ಎರಡನೆಯದಾಗಿ, ಅದರ ಬಾಗಿಲು ನಮ್ಮವರಿಗೆ ಮಾತ್ರ ತೆರೆದಿದ್ದರೆ ಸಾಲದು. ಗೋವೆಯ ನಾವಿಕನಿಗಾಗಿ ಅಲಗೇರಿಯ ಕವಿ ದುಡಿದಂತೆ, ನಮ್ಮ ಧರ್ಮಕೇಂದ್ರದ ಸಭಾಗೃಹದಲ್ಲಿ ನೆರೆಮನೆಯ ಹಾಲಕ್ಕಿ ಕುಟುಂಬದ ಮಗುವಿಗೂ ಸಂಜೆ ಓದಲು ದೀಪವಿರಬೇಕು. ಮೂರನೆಯದಾಗಿ, ದಾನವು ಜನರನ್ನು ಮತ್ತೆ ಮತ್ತೆ ಕೈಯೊಡ್ಡುವಂತೆ ಮಾಡಬಾರದು. ಅರ್ಜಿ ಬರೆಯಲು, ಪಿಂಚಣಿಯ ಕಾಗದ ಸರಿಪಡಿಸಲು, ಉಳಿತಾಯ ಮಾಡಲು, ತಮ್ಮ ಹಕ್ಕನ್ನು ತಾವೇ ಕೇಳಲು ಅವರನ್ನು ಶಕ್ತರನ್ನಾಗಿಸಬೇಕು. ಇದಕ್ಕೆಲ್ಲ ಹೊಸ ಕಟ್ಟಡ ಬೇಕಾಗಿಲ್ಲ. ವಾರಕ್ಕೆ ಎರಡು ಸಂಜೆ ಬೀಗ ತೆಗೆದು ಕುಳಿತುಕೊಳ್ಳುವ ಇಬ್ಬರು ವಿದ್ಯಾವಂತ ಯುವಕ ಯುವತಿಯರು ಬೇಕು. ನಿವೃತ್ತರಾದ ಒಬ್ಬ ಶಿಕ್ಷಕಿ ಬೇಕು. ಅಂಥವರು ನಮ್ಮ ಪ್ರತಿಯೊಂದು ವಠಾರದಲ್ಲಿಯೂ ಇದ್ದಾರೆ.

ತಾನು ಸತ್ತ ಮೇಲೆ ತನ್ನ ದೇಹದ ಬೂದಿಯೂ ಭತ್ತದ ಗದ್ದೆಗೆ ಗೊಬ್ಬರವಾಗಿ ಒದಗಬೇಕೆಂಬ ಆಶಯವನ್ನು ದೇಸಾಯಿಯವರು ಕವಿತೆಯೊಂದರಲ್ಲಿ ವ್ಯಕ್ತಪಡಿಸಿದ್ದಾರೆ. ಗೋಧಿಯ ಕಾಳು ಮಣ್ಣಿಗೆ ಬಿದ್ದು ಸತ್ತರೆ ಮಾತ್ರ ಬಹಳ ಫಲ ಕೊಡುವುದೆಂಬ ಶುಭಸಂದೇಶದ ಬೋಧನೆಯನ್ನು ಬಲ್ಲ ನಮಗೆ ಈ ಆಶಯ ಅಪರಿಚಿತವಲ್ಲ. ಅವರು ಬಿತ್ತಿದ ಶಾಲೆಗಳಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಇಂದು ನಾಡಿನ ನಾನಾ ಕಡೆಗಳಲ್ಲಿ ದುಡಿಯುತ್ತಿದ್ದಾರೆ. ಬೀಗ ಬಿದ್ದಿರುವ ನಮ್ಮ ಸಭಾಗೃಹಗಳ ಕೀಲಿಕೈ ಯಾರ ಬಳಿಯಿದೆಯೋ ಅವರು ಈ ಬದುಕನ್ನೊಮ್ಮೆ ನೆನೆಯಲಿ.