ರೈಸರು ಮತ್ತು ಬಂದಳಿಕೆಯ ಕಲ್ಲು

ಶಿಕಾರಿಪುರದ ಸೀಮೆಯ ಬಂದಳಿಕೆಯಲ್ಲಿ ಶಾಂತಿನಾಥ ಬಸದಿಯೂ ಕೆಲವು ಹಳೆಯ ಗುಡಿಗಳೂ ಶಾಸನಗಳೂ ಉಳಿದಿವೆ. ಆ ಶಾಸನಗಳನ್ನು ಲೋಕಕ್ಕೆ ಓದಿಸಿದವರು ಮೊದಲಿಗೆ ಶಾಲೆಯ ಮಕ್ಕಳನ್ನು ಪರೀಕ್ಷಿಸುವ ಅಧಿಕಾರಿಯಾಗಿದ್ದರೆಂಬುದನ್ನು ನಾವು ಮರೆಯುತ್ತೇವೆ. ಅವರೇ ಬೆಂಜಮಿನ್ ಲೂಯಿಸ್ ರೈಸ್.

ರೈಸರು 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು, ಕನ್ನಡ ಬಲ್ಲವರು. ಮಗ ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಮರಳಿ ಬಂದು, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಬೆಂಗಳೂರಿನ ಶಾಲೆಗೆ ಮುಖ್ಯಸ್ಥರಾದರು. 1865ರಲ್ಲಿ ಮೈಸೂರು, ಕೊಡಗುಗಳ ಶಾಲಾ ಇನ್‌ಸ್ಪೆಕ್ಟರರ ಹುದ್ದೆ ಬಂದಿತು. 1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ರೂಪಿಸಿ, ಹಳ್ಳಿಯ ಮಕ್ಕಳಿಗೆ ಸರ್ಕಾರದ ಶಿಕ್ಷಣದ ಬಾಗಿಲನ್ನು ತೆರೆದರು.

ತನಿಖೆಗೆಂದು ಊರೂರು ತಿರುಗುವಾಗಲೇ ಶಾಸನಗಳು ಅವರನ್ನು ಸೆಳೆದವು. ಅಂದಿನ ತರಗತಿಯಲ್ಲಿ ಬಾಯಿಪಾಠಕ್ಕೆ ಮೊದಲ ಮಣೆ. ಕಲ್ಲಿನ ಮುಂದೆ ಬಾಯಿಪಾಠ ನಡೆಯದು. ಅಕ್ಷರದ ರೂಪ ಯಾವ ಕಾಲದ್ದು? ಶಕವರ್ಷಕ್ಕೂ ಸಂವತ್ಸರಕ್ಕೂ ಹೊಂದಿಕೆಯುಂಟೆ? ಇಲ್ಲಿ ಬಂದ ಅರಸನ ಹೆಸರನ್ನು ಬೇರೊಂದು ಊರಿನ ಶಾಸನ ಸಮರ್ಥಿಸುವುದೆ? ಕಂಡದ್ದೆಷ್ಟು, ಊಹಿಸಿದ್ದೆಷ್ಟು? ವಿಜ್ಞಾನದ ವಿಚಾರಕ್ರಮವೂ ಇದೇ ಅಲ್ಲವೆ!

1884ರಿಂದ ಪ್ರಾಚ್ಯವಸ್ತು ಇಲಾಖೆಯ ಹೊಣೆ ಹೊತ್ತ ರೈಸರು, 1892ರಲ್ಲಿ ಬ್ರಹ್ಮಗಿರಿಯ ಬಳಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. 1906ರಲ್ಲಿ ನಿವೃತ್ತರಾಗುವುದರೊಳಗೆ ಸುಮಾರು 9000 ಶಾಸನಗಳು ಬೆಳಕು ಕಂಡಿದ್ದವು. ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ, 1902ರಲ್ಲಿ, ಶಿಕಾರಿಪುರದ ಶಾಸನಗಳು ಬಂದವು, ಸೊರಬದವು 1904ರಲ್ಲಿ, ಎಂಟನೆಯದರಲ್ಲಿ. ಹತ್ತನೆಯ ಶತಮಾನದ ಆದಿಯಲ್ಲಿ ನಾಗರಖಂಡ ಎಪ್ಪತ್ತನ್ನು ಆಳಿ, ಬಂದಣಿಕೆಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಜಕ್ಕಿಯಬ್ಬೆಯನ್ನು ನಾವು ಅರಿತದ್ದು ಇಂತಹ ಕಲ್ಲೊಂದರಿಂದ.

ರೈಸರೂ ತಪ್ಪದವರಲ್ಲ. ಗಂಗರ ಕೆಲವು ತಾಮ್ರಶಾಸನಗಳನ್ನು ಅವರು ನಂಬಿದರು. ಅವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದರು. ಅವುಗಳಲ್ಲಿ ಹಲವು ಕೂಟವೆಂದೇ ಮುಂದಿನ ವಿದ್ವಾಂಸರ ಅಭಿಪ್ರಾಯ. ಆದರೆ ಅನುವಾದದ ಜೊತೆಗೆ ಮೂಲಪಾಠವನ್ನೂ ಅಚ್ಚುಹಾಕಿಸಿದ ರೈಸರು, ತಮ್ಮನ್ನು ತಿದ್ದುವ ಸಾಧನವನ್ನು ತಾವೇ ಕೊಟ್ಟುಹೋದರು. ಉತ್ತರ ತಪ್ಪಿದರೂ ಆಧಾರವನ್ನು ಮುಚ್ಚಿಡಲಿಲ್ಲ.

1927ರಲ್ಲಿ ಇಂಗ್ಲೆಂಡಿನ ಹ್ಯಾರೋದಲ್ಲಿ ಅವರು ತೀರಿಕೊಂಡರು. ಅವರ ಬಾಳಿನಿಂದ ನಮ್ಮ ಪ್ರಾಥಮಿಕ ಶಾಲೆಗಳು ಕಲಿಯಬಹುದಾದದ್ದೊಂದುಂಟು. ಬಂದಳಿಕೆಗೆ ಮಕ್ಕಳನ್ನು ಕರೆದೊಯ್ದ ಉಪಾಧ್ಯಾಯರು ಜಕ್ಕಿಯಬ್ಬೆ ಯಾರೆಂದು ಕೇಳಿದರೆ ಅದು ನೆನಪಿನ ಪರೀಕ್ಷೆ. ಅದು ನಮಗೆ ಹೇಗೆ ತಿಳಿಯಿತೆಂದು ಕೇಳಿದರೆ ವಿಚಾರದ ಪರೀಕ್ಷೆ. ಎರಡು ಕಲ್ಲುಗಳ ಅಕ್ಷರಗಳನ್ನು ಹೋಲಿಸಿ, ಯಾವುದು ಹಳೆಯದೆಂದು ಕಾರಣ ಕೊಟ್ಟು ಹೇಳಲು ಎಂಟು ವರ್ಷದ ಮಗುವೂ ತೊಡಗಬಲ್ಲದು. ಆ ಕಾರಣಕ್ಕೂ ಅಂಕ ಸಲ್ಲಬೇಕು.